ಡುಬಾಯ್ಸ್ ಕ್ರಾಕೋವ್‌ಗೆ ಹೋಗಿದ್ದು: ಗೆಳೆಯನ ಊರು, ಗಾಡಿಯವನ ಪ್ರಶ್ನೆ

ಪೋಸ್ಟ್ ಸ್ವಲ್ಪ ಉದ್ದ ಇದೆ ಗೆಳೆಯರೇ. ಬಸ್ಸಲ್ಲೋ, ಊಟದ ಬಿಡುವಲ್ಲೋ ಪೂರ್ತಿ ಓದಿ. ಅರ್ಧಕ್ಕೇ ಕಾಮೆಂಟ್ ಹಾಕಬೇಡಿ.

ನಮ್ಮ ವೇದಿಕೆಗಳಲ್ಲಿ ಡಬ್ಲ್ಯು.ಇ.ಬಿ. ಡುಬಾಯ್ಸ್ ಹೆಸರು ಬರೋದು ಹೆಚ್ಚಾಗಿ ಒಂದೇ ಕಾರಣಕ್ಕೆ. 1946ರಲ್ಲಿ ಬಾಬಾಸಾಹೇಬರು ಅವರಿಗೆ ಒಂದು ಪತ್ರ ಬರೆದಿದ್ದರು, ಅವರು ಅದಕ್ಕೆ ಉತ್ತರ ಕೊಟ್ಟಿದ್ದರು. ಆ ಪತ್ರಗಳ ಫೋಟೋ ಏಪ್ರಿಲ್ 14 ಬಂತು ಅಂದ್ರೆ ಎಲ್ಲರ ವಾಟ್ಸಾಪಿಗೂ ಬರುತ್ತೆ. ಒಳ್ಳೇದೇ. ಆದರೆ ಆ ಪತ್ರಕ್ಕಿಂತ 53 ವರ್ಷ ಮೊದಲು, ಡುಬಾಯ್ಸ್ ಇನ್ನೂ ವಿದ್ಯಾರ್ಥಿಯಾಗಿದ್ದಾಗ, ಒಬ್ಬ ಗೆಳೆಯನ ಊರು ನೋಡೋಕೆ ಹೋಗಿ ಬಂದರು. ಕೆಲವೇ ದಿನಗಳ ಪ್ರವಾಸ. ಅದರ ಬಗ್ಗೆ ನಮ್ಮಲ್ಲಿ ಮಾತೇ ಇಲ್ಲ. ಈಗ ನಮ್ಮೊಳಗೆ ನಡೀತಿರೋ ಜಗಳಗಳನ್ನು ನೋಡ್ತಾ ಇದ್ದರೆ, ಪತ್ರಕ್ಕಿಂತ ಈ ಪ್ರವಾಸದ ಕತೆಯೇ ನಮಗೆ ಜಾಸ್ತಿ ಬೇಕು ಅನ್ನಿಸಿತು. ಅದಕ್ಕೇ ಬರೀತಿದೀನಿ.

ಮೊದಲು ಡುಬಾಯ್ಸ್ ಬರ್ಲಿನ್ ತಲುಪಿದ್ದು ಹೇಗೆ ಅನ್ನೋದು. ಹುಟ್ಟಿದ್ದು 1868ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಗ್ರೇಟ್ ಬ್ಯಾರಿಂಗ್ಟನ್ ಅನ್ನೋ ಸಣ್ಣ ಊರಲ್ಲಿ. ಗುಲಾಮಗಿರಿ ಕಾನೂನು ಪ್ರಕಾರ ರದ್ದಾಗಿ ಆಗ ಮೂರೇ ವರ್ಷ. ಫಿಸ್ಕ್‌ನಲ್ಲಿ ಒಂದು ಬಿಎ, ಹಾರ್ವರ್ಡ್‌ನಲ್ಲಿ ಇನ್ನೊಂದು ಬಿಎ, ಆಮೇಲೆ ಎಂಎ. ಕರಿಯರ ಶಿಕ್ಷಣಕ್ಕೆ ಹಣ ಕೊಡುತ್ತಿದ್ದ ಸ್ಲೇಟರ್ ಫಂಡ್ ಅಂತ ಒಂದು ನಿಧಿ ಇತ್ತು. ಮಾಜಿ ಅಧ್ಯಕ್ಷ ರುದರ್‌ಫರ್ಡ್ ಹೇಸ್ ಅದರ ಮುಖ್ಯಸ್ಥರು. ಯುರೋಪಿಗೆ ಕಳಿಸುವಷ್ಟು ಪ್ರತಿಭೆ ಇರೋ ಕರಿಯ ಹುಡುಗರು ನಮಗೆ ಸಿಗ್ತಾನೇ ಇಲ್ಲ ಅನ್ನೋ ಅರ್ಥದ ಮಾತು ಅವರ ಹೆಸರಲ್ಲಿ ಪತ್ರಿಕೆಯಲ್ಲಿ ಬಂತು. "ಅರ್ಹರು ಸಿಗ್ತಿಲ್ಲ", ಈ ವಾಕ್ಯ ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಬ್ಯಾಕ್‌ಲಾಗ್ ಹುದ್ದೆಗಳ ಫೈಲಿನಲ್ಲಿ ಗುಮಾಸ್ತನಾಗಿ ನಾನು ಎಷ್ಟು ಸಲ ಓದಿದೀನೋ ಲೆಕ್ಕ ಇಲ್ಲ. ಡುಬಾಯ್ಸ್ ಸುಮ್ಮನೆ ಕೂರಲಿಲ್ಲ. ಅರ್ಜಿ ಹಾಕಿದರು, ಆಗಲ್ಲ ಅಂದಾಗ ಖಾರವಾಗಿಯೇ ಪತ್ರ ಬರೆದರು. ಕೊನೆಗೆ 1892ರಲ್ಲಿ 750 ಡಾಲರ್ ಮಂಜೂರಾಯ್ತು. ಅರ್ಧ ದಾನ, ಅರ್ಧ ಸಾಲ.

ಅದೇ 1892ರಲ್ಲಿ ಅಮೆರಿಕದಲ್ಲಿ ಬಿಳಿಯರ ಗುಂಪುಗಳು ಕೊಂದು ನೇತುಹಾಕಿದ ಕರಿಯರ ಸಂಖ್ಯೆ, ಟಸ್ಕೀಗಿ ಸಂಸ್ಥೆಯ ದಾಖಲೆ ಪ್ರಕಾರ, 161. ಅಂಥ ದೇಶದಿಂದ ಹೊರಟ ಹುಡುಗನಿಗೆ ಬರ್ಲಿನ್‌ನಲ್ಲಿ ಏನನ್ನಿಸಿರಬೇಕು ಯೋಚಿಸಿ. ಹೋಟೆಲಲ್ಲಿ ಯಾರ ಪಕ್ಕದಲ್ಲಾದರೂ ಕೂತು ಉಣ್ಣಬಹುದು. ನಾಟಕಕ್ಕೆ, ಸಂಗೀತಕ್ಕೆ ಮುಂಬಾಗಿಲಿಂದ ಹೋಗಬಹುದು. ಬೀದೀಲಿ ಎದುರು ಬಂದ ಬಿಳಿಯನಿಗೆ ದಾರಿ ಬಿಡಬೇಕಿಲ್ಲ. ಶ್ಮೋಲರ್, ವ್ಯಾಗ್ನರ್ ಥರದ ದೊಡ್ಡ ಅರ್ಥಶಾಸ್ತ್ರಜ್ಞರ ಪಾಠ ಕೇಳಿದರು. ಟ್ರೈಟ್ಷ್ಕೆ ಅನ್ನೋ ಕಟ್ಟಾ ರಾಷ್ಟ್ರವಾದಿ ಇತಿಹಾಸಕಾರನ ತರಗತಿಯಲ್ಲೂ ಕೂತರು. ಹೀಗಿದ್ದರೂ ಅವರ ತಲೆಯಲ್ಲಿ ಒಂದು ಗಟ್ಟಿ ತೀರ್ಮಾನ ಇತ್ತು. ಲೋಕದಲ್ಲಿ ಜನಾಂಗದ ಸಮಸ್ಯೆ ಅಂತ ಇರೋದು ಬಣ್ಣದ ಸಮಸ್ಯೆ ಮಾತ್ರ, ಅದರ ಅತಿ ದೊಡ್ಡ ರೂಪ ಅಮೆರಿಕದ ಕರಿಯರದ್ದು, ಅಂತ.

ಬರ್ಲಿನ್‌ನಲ್ಲಿ ಅವರ ಸಹಪಾಠಿ ಒಬ್ಬ ಇದ್ದ, ಸ್ಟ್ಯಾನಿಸ್ಲಾವ್ ಎಸ್ಟ್ರೈಖರ್. ಪೋಲೆಂಡಿನವನು, ಕ್ರಾಕೋವ್ ಊರಿನವನು. ಡುಬಾಯ್ಸ್‌ಗಿಂತ ಒಂದು ವರ್ಷ ಚಿಕ್ಕವನು. ಒಂದು ದಿನ ಡುಬಾಯ್ಸ್ ಅವನ ಹತ್ತಿರ ಅಮೆರಿಕದಲ್ಲಿ ತಮ್ಮ ಜನ ಪಡುವ ಪಾಡನ್ನು ಹೇಳಿಕೊಳ್ಳುತ್ತಿದ್ದರು. ಎಸ್ಟ್ರೈಖರ್ ಅದನ್ನು ಒಂದೇ ಏಟಿಗೆ ಪಕ್ಕಕ್ಕೆ ತಳ್ಳಿಬಿಟ್ಟ. ನಿಜವಾದ ಜನಾಂಗ ಸಮಸ್ಯೆ ಏನು ಅಂತ ನಿನಗೆ ಗೊತ್ತೇ ಇಲ್ಲ ಮಾರಾಯ ಅನ್ನೋ ಧಾಟಿ. ಆಮೇಲೆ ತನ್ನ ಜನ ಜರ್ಮನಿಯ ಕೈಕೆಳಗೆ ಅನುಭವಿಸ್ತಿರೋದನ್ನು ಹೇಳುತ್ತಾ ಹೋದ.

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಪೋಲೆಂಡ್ ಅನ್ನೋ ದೇಶವೇ ಆಗ ನಕಾಶೆಯಲ್ಲಿ ಇರಲಿಲ್ಲ. 1772, 1793, 1795, ಹೀಗೆ ಮೂರು ಸಲ ನಡೆದ ಹಂಚಿಕೆಗಳಲ್ಲಿ ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಅದನ್ನು ಪೂರ್ತಿ ನುಂಗಿದ್ದವು. ಜರ್ಮನಿಯ ಪಾಲಿಗೆ ಬಂದ ಭಾಗದಲ್ಲಿ ಶಾಲೆಗಳಲ್ಲಿ ಪೋಲಿಷ್ ಭಾಷೆಯನ್ನು ಒತ್ತಿ ಹಾಕಿ ಜರ್ಮನ್ ಹೇರಿದ್ದರು. 1886ರಲ್ಲಿ ಬಿಸ್ಮಾರ್ಕ್ ಸರ್ಕಾರ ಒಂದು ಆಯೋಗವನ್ನೇ ಮಾಡಿತು. ಪೋಲಿಷರ ಜಮೀನು ಕೊಂಡು ಜರ್ಮನರನ್ನು ತಂದು ಕೂರಿಸೋದೇ ಅದರ ಕೆಲಸ. ಭಾಷೆ, ನೆಲ, ಉದ್ಯೋಗ, ಮರ್ಯಾದೆ ಎಲ್ಲದಕ್ಕೂ ಕತ್ತರಿ. ಇದೆಲ್ಲ ಆಗ್ತಿದ್ದದ್ದು ಬಿಳಿಯರಿಂದ ಬಿಳಿಯರ ಮೇಲೆ. ಬಣ್ಣದ ಮಾತೇ ಇಲ್ಲ. ಡುಬಾಯ್ಸ್‌ಗೆ ದಿಗಿಲಾಯ್ತು. ರಜೆಯಲ್ಲಿ ನಿನ್ನ ಊರಿಗೇ ಬಂದು ನೋಡ್ತೀನಿ ಅಂತ ಗೆಳೆಯನಿಗೆ ಮಾತು ಕೊಟ್ಟರು.

ಅದು 1893. ಸ್ವಿಟ್ಜರ್ಲೆಂಡ್, ಇಟಲಿ, ವಿಯೆನ್ನಾ ಎಲ್ಲ ಸುತ್ತಿ ಬುಡಾಪೆಸ್ಟ್ ಕಡೆಯಿಂದ ಗ್ಯಾಲಿಷಿಯಾ ಪ್ರಾಂತ್ಯಕ್ಕೆ ಬಂದರು. ಕ್ರಾಕೋವ್ ಇರೋದು ಆ ಪ್ರಾಂತ್ಯದಲ್ಲೇ, ಆಗ ಅದು ಆಸ್ಟ್ರಿಯಾ ಸಾಮ್ರಾಜ್ಯದ ಭಾಗ. ರಾತ್ರಿ ಉಳಿಯೋಕೆ ದಾರಿಯಲ್ಲಿ ಒಂದು ಸಣ್ಣ ಪಟ್ಟಣದಲ್ಲಿ ಇಳಿದರು. ಬಾಡಿಗೆ ಗಾಡಿಯವನು ಇವರನ್ನು ಮೇಲಿಂದ ಕೆಳಗೆ ನೋಡಿದ. ಕಂದು ಮೈಬಣ್ಣ, ಪರದೇಶಿ ಮುಖ. ಯಹೂದಿಗಳ ನಡುವೆ ಇಳಿಸಬೇಕಾ ಅಂತ ಕೇಳಿದ. ಪ್ರಶ್ನೆ ಏನು ಅಂತಾನೇ ಡುಬಾಯ್ಸ್‌ಗೆ ಸರಿಯಾಗಿ ಅರ್ಥ ಆಗಲಿಲ್ಲ. ಹೂಂ ಅಂದರು. ಗಾಡಿ ಒಂದು ಮೂಲೆಯ ಓಣಿಗೆ ಹೋಗಿ, ಒಂದು ಸಣ್ಣ ಯಹೂದಿ ಹೋಟೆಲಿನ ಮುಂದೆ ನಿಂತಿತು.

ಅಷ್ಟೇ ಘಟನೆ. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಆದರೂ ಡುಬಾಯ್ಸ್ ಇದನ್ನು 59 ವರ್ಷ ಮರೆಯಲಿಲ್ಲ. ಯಾಕೆ ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಯಾಕಂದ್ರೆ ಆ ಗಾಡಿಯವನ ಪ್ರಶ್ನೆ ನಮಗೆಲ್ಲ ಬಾಯಿಪಾಠ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೆ. ಮನೆ ಒಡತಿ ಅಡ್ವಾನ್ಸ್ ಎಷ್ಟು ಅಂತ ಹೇಳುವ ಮೊದಲೇ "ನೀವು ಯಾವ ಜನ?" ಅಂದರು. ಹೇಳಿದೆ. ಅವರ ಮುಖದಲ್ಲಿ ಕೋಪವೇನೂ ಇರಲಿಲ್ಲ. ಬಹಳ ಸಹಾಯ ಮಾಡೋ ಧ್ವನಿಯಲ್ಲೇ, "ಆ ಕಡೆ ಬಡಾವಣೆಯಲ್ಲಿ ನಿಮ್ಮೋರ ಮನೆಗಳು ಇದಾವೆ, ಅಲ್ಲಿ ಕೇಳಿ, ನಿಮಗೂ ಅನುಕೂಲ" ಅಂದರು. ಗಾಡಿಯವನೂ ಅನುಕೂಲಕ್ಕೇ ಕೇಳಿದ್ದು! ಊರು ಮೊದಲೇ ಭಾಗ ಆಗಿದೆ, ಯಾವ ಭಾಗಕ್ಕೆ ಯಾರು ಅಂತ ಗಾಡಿ ಓಡಿಸುವವನಿಗೂ ಗೊತ್ತು, ಮನೆ ಒಡತಿಗೂ ಗೊತ್ತು. ಹೊಸದಾಗಿ ಬಂದವನನ್ನು ಸರಿಯಾದ ಗೂಡಿಗೆ ತಲುಪಿಸೋದಷ್ಟೇ ಅವರ ಪಾಲಿನ ಕೆಲಸ. ದ್ವೇಷ ಇಲ್ಲದೇನೂ ವ್ಯವಸ್ಥೆ ನಡೆಯುತ್ತೆ ಅನ್ನೋದು ಇಲ್ಲಿ ಕಾಣುತ್ತೆ.

ಬಾಬಾಸಾಹೇಬರ ಬದುಕಲ್ಲೂ ಇದೇ ಪ್ರಶ್ನೆ ಬಂತು. 1913ರಿಂದ 1916ರವರೆಗೆ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದರು, ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಲ್ಲಿ. ಅಲ್ಲಿ ಹಾಸ್ಟೆಲಲ್ಲಿ ಜೊತೆಗಿದ್ದ ಗೆಳೆಯ ನವಲ್ ಭಾಥೇನಾ, ಒಬ್ಬ ಪಾರ್ಸಿ. ಜೀವನಪೂರ್ತಿ ಉಳಿದ ಸ್ನೇಹ ಅದು. ಆಮೇಲೆ ಲಂಡನ್ನಲ್ಲಿ ಓದು ಮುಂದುವರಿಸಲು ಹಣ ಇಲ್ಲದಾಗ ಕೈ ಹಿಡಿದವರಲ್ಲಿ ಭಾಥೇನಾ ಒಬ್ಬರು. ಲಂಡನ್ನಿಂದ ವಾಪಸ್ ಬಂದ ಬಾಬಾಸಾಹೇಬರು 1917ರಲ್ಲಿ ಕರಾರಿನ ಪ್ರಕಾರ ಕೆಲಸಕ್ಕೆ ಸೇರೋಕೆ ಬರೋಡಾಗೆ ಹೋದರು. ಸ್ಟೇಷನ್ನಿನಲ್ಲಿ ಇಳಿದ ಕೂಡಲೇ ಎದ್ದ ಪ್ರಶ್ನೆ: ಎಲ್ಲಿಗೆ ಹೋಗೋದು, ಯಾರು ಒಳಗೆ ಬಿಡ್ತಾರೆ? ಹಿಂದೂ ಹೋಟೆಲುಗಳು ಬಿಡಲ್ಲ. ಒಂದು ಪಾರ್ಸಿ ವಸತಿಗೃಹಕ್ಕೆ ಹೋಗಿ, ಪಾರ್ಸಿ ಹೆಸರಲ್ಲಿ ಇರಬೇಕಾಯ್ತು. ಕೆಲವೇ ದಿನ. ಒಂದು ಬೆಳಿಗ್ಗೆ ಹತ್ತು ಹನ್ನೆರಡು ಜನ ಪಾರ್ಸಿಗಳು ದೊಣ್ಣೆ ಹಿಡಿದು ಬಂದು ನಿಂತರು. ಸಂಜೆಯೊಳಗೆ ಜಾಗ ಖಾಲಿ ಮಾಡಿಸಿದರು. ಒಬ್ಬ ಹಿಂದೂ ಗೆಳೆಯ, ಒಬ್ಬ ಕ್ರಿಶ್ಚಿಯನ್ ಗೆಳೆಯ, ಇಬ್ಬರ ಮನೆಯಲ್ಲೂ ಜಾಗ ಸಿಗಲಿಲ್ಲ. ಕಾಮಾಠಿ ಬಾಗ್ ಅನ್ನೋ ಉದ್ಯಾನದಲ್ಲಿ ಕೂತು ಅತ್ತು, ರಾತ್ರಿ ರೈಲು ಹಿಡಿದು ಬಾಂಬೆಗೆ ವಾಪಸ್. "ವೇಟಿಂಗ್ ಫಾರ್ ಎ ವೀಸಾ" ಓದಿದವರಿಗೆ ಇದು ಗೊತ್ತು.

ನ್ಯೂಯಾರ್ಕಿನಲ್ಲಿ ಪಾರ್ಸಿ ಗೆಳೆಯ ಅಣ್ಣತಮ್ಮನ ಹಾಗಿದ್ದ, ಬರೋಡಾದಲ್ಲಿ ಪಾರ್ಸಿಗಳು ದೊಣ್ಣೆ ಹಿಡಿದರು. ಪಾರ್ಸಿಗಳಿಗೆ ವರ್ಣ ಇಲ್ಲ, ಜಾತಿ ಅವರ ಧರ್ಮದಲ್ಲಿ ಇಲ್ಲ. ಆದರೆ ಹಿಂದೂವಿಗೆ ಅಸ್ಪೃಶ್ಯನಾದವನು ಈ ನೆಲದಲ್ಲಿ ಪಾರ್ಸಿಗೂ ಅಸ್ಪೃಶ್ಯನೇ ಅಂತ ಬಾಬಾಸಾಹೇಬರು ಆ ಅನುಭವದಿಂದ ತೋರಿಸಿಕೊಟ್ಟರು. ಮೈಬಣ್ಣ ಒಂದೇ, ಭಾಷೆ ಒಂದೇ. ಆದರೂ ಗೆರೆ ಇದೆ. ಗ್ಯಾಲಿಷಿಯಾದ ಓಣಿಯಲ್ಲಿ ಡುಬಾಯ್ಸ್‌ಗೆ ಮಸುಕಾಗಿ ಕಂಡದ್ದೂ ಇದೇ.

ಈಗ ಕ್ರಾಕೋವ್‌ಗೆ ಬರೋಣ. ಅದು ಪೋಲಿಷರ ಹಳೇ ರಾಜಧಾನಿ. ಆಸ್ಟ್ರಿಯಾ ಆಳ್ವಿಕೆಯಲ್ಲಿ ಸ್ವಲ್ಪ ಸ್ವಾಯತ್ತತೆ ಇದ್ದಿದ್ದರಿಂದ ಪೋಲಿಷ್ ಭಾಷೆ, ಸಂಸ್ಕೃತಿ ಉಸಿರಾಡುತ್ತಿದ್ದ ಊರು. 1364ರಲ್ಲಿ ಶುರುವಾದ ಯಾಗಿಲೋನಿಯನ್ ವಿಶ್ವವಿದ್ಯಾಲಯ ಅಲ್ಲಿದೆ, ಕೋಪರ್ನಿಕಸ್ ಓದಿದ್ದು ಅಲ್ಲೇ. ಎಸ್ಟ್ರೈಖರ್‌ನ ತಂದೆ ಕಾರೋಲ್ ಆ ವಿಶ್ವವಿದ್ಯಾಲಯದ ಗ್ರಂಥಪಾಲಕರು. ಪೋಲಿಷ್ ಭಾಷೆಯ ಪುಸ್ತಕಗಳನ್ನೆಲ್ಲ ಪಟ್ಟಿ ಮಾಡೋ ಕೆಲಸಕ್ಕೆ ಜೀವ ತೇದವರು. ದೇಶ ಇಲ್ಲದ ಜನ ಪುಸ್ತಕದ ಪಟ್ಟಿಯಲ್ಲಿ ದೇಶ ಕಟ್ಟುತ್ತಿದ್ದರು ಅನ್ನಿ. ಪೋಲಿಷರ ವೀರ ಕೊಶ್ಚುಷ್ಕೋ 1794ರಲ್ಲಿ ದಂಗೆಗೆ ಪ್ರತಿಜ್ಞೆ ತೆಗೆದುಕೊಂಡದ್ದು ಇದೇ ಊರಿನ ಚೌಕದಲ್ಲಿ. ಅದೇ ಕೊಶ್ಚುಷ್ಕೋ ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲೂ ಹೋರಾಡಿದವನು. ಅಲ್ಲಿರೋ ತನ್ನ ಹಣದಿಂದ ಕರಿಯ ಗುಲಾಮರನ್ನು ಬಿಡಿಸಿ ಓದಿಸಬೇಕು ಅಂತ 1798ರಲ್ಲಿ ಉಯಿಲು ಬರೆದು ಜೆಫರ್ಸನ್ ಕೈಗೆ ಕೊಟ್ಟಿದ್ದ. ಕೊಶ್ಚುಷ್ಕೋ ಸತ್ತ ಮೇಲೆ ಜೆಫರ್ಸನ್ ಅದನ್ನು ಜಾರಿ ಮಾಡಲು ಒಪ್ಪಲಿಲ್ಲ. ಅಂದರೆ ದುಃಖಿತರ ನಡುವೆ ಕೈ ಚಾಚಿದವರ ಇತಿಹಾಸವೂ ಆ ಊರಿಗಿತ್ತು.

ಆದರೆ ಅದೇ ಊರಲ್ಲಿ ಕಾಜಿಮಿಯೆಶ್ ಅಂತ ಇನ್ನೊಂದು ಭಾಗ ಇದೆ. 1495ರಲ್ಲಿ ಯಹೂದಿಗಳನ್ನು ಕ್ರಾಕೋವ್‌ನಿಂದ ಹೊರಗೆ ಹಾಕಿದಾಗ ಅವರು ಹೋಗಿ ನೆಲೆಸಿದ ಜಾಗ. ವಿಶ್ವವಿದ್ಯಾಲಯದಿಂದ ನಡೆದರೆ ಅರ್ಧ ಗಂಟೆಯೂ ಆಗದ ದೂರ. ಡುಬಾಯ್ಸ್ ಆಮೇಲೆ ಏನು ಬರೀತಾರೆ ಅಂದ್ರೆ, ಯಹೂದಿಗಳ ಸಮಸ್ಯೆ ಬಗ್ಗೆ ಪೋಲೆಂಡಿನಲ್ಲಿ ತಮಗೆ ಹೆಚ್ಚೇನೂ ತಿಳಿಯಲಿಲ್ಲ. ಯಾಕಂದರೆ ಅಲ್ಲಿನ ವಿಶ್ವವಿದ್ಯಾಲಯದ ಅಧ್ಯಾಪಕರಿಗೆ, ವಿದ್ಯಾರ್ಥಿಗಳಿಗೇ ಅದರ ಅರಿವು ಇರಲಿಲ್ಲ. ಇಲ್ಲಿ ಒಂದು ನಿಮಿಷ ನಿಲ್ಲಿ. ಜರ್ಮನರು ತಮಗೆ ಮಾಡಿದ್ದನ್ನು ಒಂದೊಂದಾಗಿ ಎಣಿಸಿ ಹೇಳಬಲ್ಲ ಜನ. ಅವಮಾನ ಅಂದ್ರೆ ಏನು ಅಂತ ಚೆನ್ನಾಗಿ ಗೊತ್ತಿರೋ ಜನ. ತಮ್ಮ ಊರಿನೊಳಗೇ ಇನ್ನೊಂದು ಕೇರಿ ಇದೆ ಅನ್ನೋದು ಅವರಿಗೆ ಪ್ರಶ್ನೆಯಾಗಿ ಕಾಣಲೇ ಇಲ್ಲ. ಗಾಡಿಯವನಿಗೆ ಗೊತ್ತಿತ್ತು, ಪ್ರೊಫೆಸರಿಗೆ ಗೊತ್ತಿರಲಿಲ್ಲ.

ಇದಕ್ಕೆ ಮುಂದೆ ಏನಾಯ್ತು? 1918ರಲ್ಲಿ ಪೋಲೆಂಡ್ ಸ್ವತಂತ್ರ ಆಯ್ತು. ಎಸ್ಟ್ರೈಖರ್ ಕಾನೂನು ಇತಿಹಾಸದ ಪ್ರೊಫೆಸರ್ ಆಗಿ, 1919ರಿಂದ ಎರಡು ವರ್ಷ ವಿಶ್ವವಿದ್ಯಾಲಯದ ಮುಖ್ಯಸ್ಥರೂ ಆದರು. ಆದರೆ ಸ್ವತಂತ್ರ ಪೋಲೆಂಡಿನ ವಿಶ್ವವಿದ್ಯಾಲಯಗಳಲ್ಲಿ 1930ರ ದಶಕದಲ್ಲಿ ಯಹೂದಿ ವಿದ್ಯಾರ್ಥಿಗಳಿಗೆ ಬೇರೆ ಬೆಂಚು ಅನ್ನೋ ಪದ್ಧತಿ ಬಂತು. 1937ರಲ್ಲಿ ಅದಕ್ಕೆ ಅಧಿಕೃತ ಒಪ್ಪಿಗೆಯೂ ಸಿಕ್ಕಿತು. ತರಗತಿಯ ಒಂದು ಪಕ್ಕದ ಬೆಂಚುಗಳು ಮಾತ್ರ ಅವರಿಗೆ. ಎಷ್ಟೋ ಯಹೂದಿ ಹುಡುಗರು ಅಲ್ಲಿ ಕೂರಲ್ಲ ಅಂತ ಪೂರ್ತಿ ಪಾಠ ನಿಂತೇ ಕೇಳಿದರು. ಬೆಂಬಲಕ್ಕೆ ಕೆಲವು ಅಧ್ಯಾಪಕರೂ ನಿಂತರು. ಗೋಣಿತಾಟು ಹೊತ್ತು ಶಾಲೆಗೆ ಹೋಗಿ ಮೂಲೆಯಲ್ಲಿ ಹಾಸಿಕೊಂಡು ಕೂತ ಸತಾರಾದ ಹುಡುಗ ಭೀಮನ ನೆನಪಾಗದೆ ಇದನ್ನು ಓದೋಕಾಗುತ್ತಾ?

ಎರಡೇ ವರ್ಷ. 1939ರಲ್ಲಿ ಹಿಟ್ಲರ್ ಪೋಲೆಂಡಿಗೆ ನುಗ್ಗಿದ. ನವೆಂಬರ್ 6ರಂದು ಒಂದು ಉಪನ್ಯಾಸ ಇದೆ ಅಂತ ಕ್ರಾಕೋವ್‌ನ ಅಧ್ಯಾಪಕರನ್ನೆಲ್ಲ ಕರೆಸಿ, 180ಕ್ಕೂ ಹೆಚ್ಚು ಜನರನ್ನು ಒಂದೇ ಸಲಕ್ಕೆ ಬಂಧಿಸಿದರು. ಅವರಲ್ಲಿ ಎಸ್ಟ್ರೈಖರ್ ಇದ್ದರು, ವಯಸ್ಸು 70ರ ಹತ್ತಿರ. ಡಿಸೆಂಬರ್ 28ರಂದು ಸಾಕ್ಸೆನ್‌ಹೌಸೆನ್ ಯಾತನಾ ಶಿಬಿರದಲ್ಲಿ ತೀರಿಕೊಂಡರು. ಆ ಶಿಬಿರ ಇದ್ದದ್ದು ಬರ್ಲಿನ್ ಪಕ್ಕದಲ್ಲೇ, ಡುಬಾಯ್ಸ್ ಜೊತೆ ಅವರು ಓದಿದ ಅದೇ ಬರ್ಲಿನ್. ಕ್ರಾಕೋವ್‌ನ ಯಹೂದಿಗಳನ್ನು 1941ರಲ್ಲಿ ನದಿಯ ಆಚೆ ದಂಡೆಯ ಘೆಟ್ಟೋಗೆ ತುಂಬಿದರು, 1943ರ ಮಾರ್ಚ್‌ನಲ್ಲಿ ಆ ಘೆಟ್ಟೋವನ್ನೂ ಖಾಲಿ ಮಾಡಿದರು. ಕೊಂದವರು ನಾಜಿಗಳು, ಅದರಲ್ಲಿ ಅನುಮಾನ ಬೇಡ. ಬೇರೆ ಬೆಂಚು ಹಾಕಿದವರನ್ನೂ ಗ್ಯಾಸ್ ಚೇಂಬರ್ ಕಟ್ಟಿದವರನ್ನೂ ಒಂದೇ ತಕ್ಕಡಿಯಲ್ಲಿ ನಾನು ತೂಗುತ್ತಿಲ್ಲ. ಜರ್ಮನರ ದಬ್ಬಾಳಿಕೆ ಉಂಡವರು ತಮ್ಮದೇ ದೇಶ ಸಿಕ್ಕಾಗ ಪಕ್ಕದವನಿಗೆ ಬೇರೆ ಬೆಂಚು ಹಾಕಿದರು ಅನ್ನೋದಷ್ಟೇ ನಾನು ಹೇಳ್ತಿರೋದು.

ಡುಬಾಯ್ಸ್ ಆದರೂ ಒಂದೇ ಪ್ರವಾಸದಲ್ಲಿ ಎಲ್ಲ ತಿಳ್ಕೊಂಡರಾ? ಇಲ್ಲ. ವಾಪಸ್ ಬಂದು 1895ರಲ್ಲಿ ಹಾರ್ವರ್ಡ್‌ನಿಂದ ಪಿಎಚ್‌ಡಿ ಪಡೆದ ಮೊದಲ ಕರಿಯ ಅಮೆರಿಕನ್ ಆದರು. 1903ರಲ್ಲಿ "ದಿ ಸೋಲ್ಸ್ ಆಫ್ ಬ್ಲಾಕ್ ಫೋಕ್" ಬಂದಾಗಲೂ ಅವರ ಕಣ್ಣಲ್ಲಿ ಶತಮಾನದ ಸಮಸ್ಯೆ ಬಣ್ಣದ ಗೆರೆಯೇ. ಆ ಪುಸ್ತಕದಲ್ಲಿ ದಕ್ಷಿಣ ಅಮೆರಿಕನ್ ರಾಜ್ಯಗಳ ಶೋಷಕರನ್ನು ಹೇಳುವಾಗ ಯಹೂದಿಗಳನ್ನು ಹೆಸರಿಟ್ಟು ಚುಚ್ಚುವ ಮಾತುಗಳೂ ಇದ್ದವು. 1936ರಲ್ಲಿ ಹಿಟ್ಲರನ ಜರ್ಮನಿಯಲ್ಲಿ ತಿಂಗಳುಗಟ್ಟಲೆ ಇದ್ದು ನೋಡಿದರು. 1949ರಲ್ಲಿ ವಾರ್ಸಾಗೆ ಹೋಗಿ, ಘೆಟ್ಟೋ ಇದ್ದ ಜಾಗದಲ್ಲಿ ಬರೀ ಅವಶೇಷ ಕಂಡರು. ಆಮೇಲೆ 1952ರಲ್ಲಿ, 84ನೇ ವಯಸ್ಸಿನಲ್ಲಿ, ಜ್ಯೂಯಿಷ್ ಲೈಫ್ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಕ್ರಾಕೋವ್ ಗೆಳೆಯನ ಮಾತು, ಗಾಡಿಯವನ ಪ್ರಶ್ನೆ, ಎಲ್ಲ ನಮಗೆ ಸಿಗೋದು ಅದರಲ್ಲೇ. ಪೋಲೆಂಡ್ ನೋಡಿದ್ದರಿಂದ ಯಹೂದಿಗಳ ಸಮಸ್ಯೆಗಿಂತ ಹೆಚ್ಚಾಗಿ ಕರಿಯರ ಸಮಸ್ಯೆಯೇ ತಮಗೆ ಇನ್ನೂ ಚೆನ್ನಾಗಿ ಅರ್ಥ ಆಯ್ತು, ಅದು ಬರೀ ಬಣ್ಣದ್ದಲ್ಲ ಅಂತ ಕಲಿಯೋದು ತಮಗೆ ಬಹಳ ಕಷ್ಟವಾಯ್ತು ಅಂತ ಅವರೇ ಹೇಳ್ತಾರೆ. ಮರುವರ್ಷ, 1953ರಲ್ಲಿ, ತಮ್ಮ ಪ್ರಖ್ಯಾತ ಪುಸ್ತಕದ ಹೊಸ ಆವೃತ್ತಿಯಲ್ಲಿ ಯಹೂದಿಗಳ ಬಗ್ಗೆ ಇದ್ದ ಆ ಪದಗಳನ್ನು ತಿದ್ದಿದರು. ಐವತ್ತು ವರ್ಷ ಆಗಿತ್ತು. ಆದರೂ ತಿದ್ದಿದರು. ಅದೇ ಹೊತ್ತಿಗೆ ಅಮೆರಿಕ ಸರ್ಕಾರ ಅವರ ಪಾಸ್‌ಪೋರ್ಟ್ ಕಿತ್ತುಕೊಂಡು ಕೂತಿತ್ತು ಅನ್ನೋದನ್ನೂ ಮರೀಬೇಡಿ.

1946ರ ಪತ್ರವನ್ನು ಈಗ ಮತ್ತೆ ನೋಡಿ. ಬಾಬಾಸಾಹೇಬರು ಅದರಲ್ಲಿ ಅಮೆರಿಕದ ಕರಿಯರ ಸ್ಥಿತಿಗೂ ಇಲ್ಲಿನ ಅಸ್ಪೃಶ್ಯರ ಸ್ಥಿತಿಗೂ ಇರೋ ಹೋಲಿಕೆ ಹೇಳಿ, ವಿಶ್ವಸಂಸ್ಥೆಗೆ ನೀಗ್ರೋ ಕಾಂಗ್ರೆಸ್ ಕೊಟ್ಟ ಮನವಿಯ ಎರಡು ಮೂರು ಪ್ರತಿ ಕಳಿಸಿ ಅಂತ ಕೇಳಿದರು. ನಮ್ಮ ಜನರೂ ಹಾಗೆ ಮಾಡೋ ಯೋಚನೆಯಲ್ಲಿದೀವಿ ಅಂತ. ಡುಬಾಯ್ಸ್ ಜುಲೈ 31ರಂದು ಉತ್ತರ ಬರೆದು, ನಿಮ್ಮ ಹೆಸರು ಕೆಲಸ ಎರಡೂ ಗೊತ್ತು, ಅಸ್ಪೃಶ್ಯರ ಬಗ್ಗೆ ಪೂರ್ತಿ ಸಹಾನುಭೂತಿ ಇದೆ ಅಂದರು. ನನ್ನನ್ನು ಹಿಡಿದು ನಿಲ್ಲಿಸೋದು ಒಂದೇ ವಿಷಯ. ಇಬ್ಬರಲ್ಲಿ ಯಾರೂ ನಮ್ಮದು ದೊಡ್ಡದು, ನಿಮ್ಮದು ಏನೂ ಅಲ್ಲ ಅಂತ ಹೇಳಲಿಲ್ಲ. ಎಸ್ಟ್ರೈಖರ್ ಅಂದಿದ್ದ ಮಾತನ್ನು ಅವರು ಆಡಲಿಲ್ಲ. ನಿಮ್ಮ ಮನವಿಯ ಪ್ರತಿ ಕೊಡಿ, ನಮಗೂ ಬೇಕು ಅಂತ ಒಬ್ಬರು ಕೇಳಿದರು, ತಗೊಳ್ಳಿ ಅಂತ ಇನ್ನೊಬ್ಬರು ಕೊಟ್ಟರು. ದುಃಖದ ಸ್ಪರ್ಧೆ ಅಲ್ಲ, ಕಾಗದದ ವಿನಿಮಯ. ಗುಮಾಸ್ತನಾದ ನನಗೆ ಇದು ತುಂಬ ಹಿಡಿಸುತ್ತೆ.

ಈಗ ನಮ್ಮ ವಿಷಯ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್ ಪರಿಶಿಷ್ಟ ಜಾತಿಗಳೊಳಗೆ ಒಳಮೀಸಲಾತಿ ಕೊಡಬಹುದು ಅಂದಾಗಿಂದ ನಮ್ಮ ಗ್ರೂಪುಗಳಲ್ಲಿ ನಡೀತಿರೋ ಮಾತು ನೀವೂ ಓದ್ತಿದೀರ. ಎಡ, ಬಲ ಎರಡೂ ಕಡೆ "ನಿಮಗೇನು ಗೊತ್ತು ನಮ್ಮ ನೋವು" ಅನ್ನೋ ಎಸ್ಟ್ರೈಖರ್‌ಗಳು ನಾವು. ನಾಗಮೋಹನ ದಾಸ್ ಆಯೋಗ ಅಲೆಮಾರಿ ಸಮುದಾಯಗಳಿಗೆ ಶೇ 1 ಬೇರೆ ಇಡಿ ಅಂತ ವರದಿ ಕೊಟ್ಟಿತು. 2025ರ ಆಗಸ್ಟ್‌ನಲ್ಲಿ ಸರ್ಕಾರ 6, 6, 5 ಅಂತ ಮೂರು ಪಾಲು ಮಾಡಿದಾಗ ಆ ಒಂದು ಮಾಯ ಆಗಿ, ಅಲೆಮಾರಿಗಳು ದೊಡ್ಡ ಸಮುದಾಯಗಳ ಜೊತೆ ಐದರೊಳಗೆ ಸೇರಿಹೋದರು. ಸುಡುಗಾಡು ಸಿದ್ಧರು, ಹಂದಿಜೋಗಿಗಳು, ದೊಂಬರು, ಸಿಳ್ಳೇಕ್ಯಾತರು ಬೀದಿಗೆ ಬಂದು ಕೂತರು. ನಮ್ಮ ಕಡೆ ಆರು ಸಿಕ್ಕಿತು, ಐದು ಸಿಕ್ಕಿತು ಅನ್ನೋ ಪೋಸ್ಟರುಗಳ ನಡುವೆ ಅವರ ಪರವಾಗಿ ನಮ್ಮಿಂದ ಎದ್ದ ಧ್ವನಿ ಎಷ್ಟು?

ಅನ್ಯಾಯದ ಮೂಲ ಜಾತಿ ವ್ಯವಸ್ಥೆ. ನಾವಲ್ಲ. ಅದನ್ನು ಮೇಲಿಂದ ಕಟ್ಟಿದವರನ್ನು ಬಿಟ್ಟು ನಮ್ಮನ್ನೇ ಆರೋಪಿ ಮಾಡೋ ಬುದ್ಧಿವಂತರು ಬೇಕಾದಷ್ಟು ಇದಾರೆ, ಅವರ ಸಾಲಿಗೆ ನಾನು ಸೇರಲ್ಲ. ಆದರೆ ಈ ಏಣಿಯಲ್ಲಿ ಪ್ರತಿಯೊಬ್ಬನಿಗೂ ಕೆಳಗೆ ಒಬ್ಬನನ್ನು ಕೊಟ್ಟಿದಾರೆ, ಅದಕ್ಕೇ ಏಣಿ ಬೀಳ್ತಿಲ್ಲ ಅಂತ ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಅನ್ನೋ ಮಾತಲ್ಲಿ ನಮಗೆ ವಿವರಿಸಿ ಹೋಗಿದಾರೆ. ಕ್ರಾಕೋವ್‌ನ ಅಧ್ಯಾಪಕರಿಗೆ ಅದನ್ನು ಹೇಳಿಕೊಡೋಕೆ ಒಬ್ಬ ಅಂಬೇಡ್ಕರ್ ಇರಲಿಲ್ಲ. ನಮಗೆ ಇದಾರೆ. ಅದಕ್ಕೇ ನಮ್ಮ ಜವಾಬ್ದಾರಿ ಜಾಸ್ತಿ.

ಒಂದು ಸಣ್ಣ ಸಲಹೆ. ಈ ಸಲ ನಿಮ್ಮ ತಾಲೂಕಿನಲ್ಲಿ ಸಂವಿಧಾನ ದಿನವೋ, ಭೀಮಾ ಕೋರೆಗಾಂವ್ ನೆನಪೋ ಏನೇ ಕಾರ್ಯಕ್ರಮ ಮಾಡಿದರೂ, ಹತ್ತಿರದ ಅಲೆಮಾರಿ ಟೆಂಟುಗಳಿರೋ ಕಡೆ ಮೊದಲು ಹೋಗಿ ಬನ್ನಿ. ಕರಪತ್ರ ಕೊಟ್ಟು ಬರೋದಲ್ಲ, ಕೂತು ಕೇಳಿ. ರೇಷನ್ ಕಾರ್ಡ್ ಇದೆಯಾ, ಜಾತಿ ಪ್ರಮಾಣಪತ್ರ ಸಿಕ್ಕಿದೆಯಾ, ಮಕ್ಕಳು ಯಾವ ಶಾಲೆ, ಹೆಣ ಹೂಳೋಕೆ ಜಾಗ ಎಲ್ಲಿ. ಬರ್ಕೊಳ್ಳಿ. ಅರ್ಜಿ ಬರೆಯೋ ಕೆಲಸಕ್ಕೆ ನನ್ನನ್ನು ಕರೀರಿ, ಭಾನುವಾರ ಯಾವತ್ತಾದರೂ ಬರ್ತೀನಿ. ವೇದಿಕೆ ಮೇಲೆ ಮೊದಲ ಮಾತು ಅವರಲ್ಲಿ ಒಬ್ಬರದಾಗಲಿ. ಭಾಷಣ ಮಾಡೋರು ನಾವು ಹೇಗೂ ಇದೀವಿ, ಸ್ವಲ್ಪ ಹೊತ್ತು ಕಾಯೋಣ.

ಜೈ ಭೀಮ್.